ಚಿಕ್ಕ ಲೇತಿಗೆ ಯಾವ ಚಕ್? ಮೊದಲು ಡಯಲ್ ಹಚ್ಚಿ, ಆಮೇಲೆ ದುಡ್ಡು ಕೊಡಿ

ಪ್ರಶ್ನೆ: ಪೆರ್ಲದ ಹತ್ತಿರ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಅಡಿಕೆಗೆ ಮದ್ದು ಬಿಡುವ ಪಂಪು, ನೀರಿನ ಪಂಪು, ಹುಲ್ಲು ಕತ್ತರಿಸುವ ಮೆಷಿನ್, ಇವುಗಳ ರಿಪೇರಿಯೇ ಜಾಸ್ತಿ. ಹೋದ ವರ್ಷ 180 ಮಿ.ಮೀ. ಸ್ವಿಂಗಿನ (ಅಂದರೆ ಅಷ್ಟು ಅಗಲದ ಸಾಮಾನು ತನಕ ತಿರುಗಿಸಬಲ್ಲ) ಬೆಂಚ್ ಲೇತ್ ತಗೊಂಡೆ. ಅದರ ಜೊತೆ 80 ಮಿ.ಮೀ. ಮೂರು ಜಾ ಚಕ್, ಅಂದರೆ ಶಾಫ್ಟನ್ನು ಮೂರು ದವಡೆಯಲ್ಲಿ ಕಚ್ಚಿ ಹಿಡಿಯುವ ಭಾಗ, ಬಂದಿದೆ. ಶಾಫ್ಟಿನ ಒಂದು ತುದಿ ಟರ್ನ್ ಮಾಡಿ, ಮಗುಚಿ ಹಿಡಿದರೆ 0.15 ಮಿ.ಮೀ. ಔಟ್ ಬರುತ್ತದೆ, ಅಂದರೆ ನಡು ತಪ್ಪಿ ತಿರುಗುತ್ತದೆ. ಸೀಲ್ ಸೋರುತ್ತದೆ, ಗಿರಾಕಿ ವಾಪಸ್ ಬರುತ್ತಾರೆ. ಒಳ್ಳೆ ವಿದೇಶಿ ಚಕ್ ಹಾಕಿದರೆ ಸರಿಯಾಗುತ್ತಾ? 80 ಸಾಕಾ, 100 ಬೇಕಾ, 125 ಕೂರಿಸಬಹುದಾ? ಯಾವ ಕಂಪನಿಯದ್ದು ಒಳ್ಳೆಯದು?

ಉತ್ತರ:

ಒಂದು ವಾರ ಏನೂ ತಗೊಳ್ಳಬೇಡಿ. ನಿಮ್ಮ 0.15 ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು. ಅದು ಚಕ್ಕಿನದ್ದೇ ಅಂತ ನೀವು ಬರೆದದ್ದರಲ್ಲಿ ಎಲ್ಲೂ ಗೊತ್ತಾಗುವುದಿಲ್ಲ. ಚಕ್ಕನ್ನು ತಿರುಗಿಸುವ ಸ್ಪಿಂಡಲಿನದ್ದಾಗಿರಬಹುದು, ಸ್ಪಿಂಡಲಿಗೂ ಚಕ್ಕಿಗೂ ನಡುವೆ ಕೂತ ಕಸದ್ದಾಗಿರಬಹುದು, ಚಕ್ಕಿನದ್ದಾಗಿರಬಹುದು, ಇಲ್ಲವೇ ನೀವು ಹಿಡಿದ ಶಾಫ್ಟೇ ದುಂಡಗೆ ಇಲ್ಲದಿರಬಹುದು. ಮೊದಲ ಎರಡು ಕಾರಣಕ್ಕೆ ಎಷ್ಟು ದುಬಾರಿ ಚಕ್ ತಂದರೂ ಪ್ರಯೋಜನ ಇಲ್ಲ, ಅಲ್ವಾ?

ಇದು ನಾನು ದುಡ್ಡು ಕಳೆದು ಕಲಿತ ಪಾಠ. ಬದಿಯಡ್ಕಕ್ಕೆ ಬರುವ ಮುಂಚೆ ಹೊಸೂರಿನಲ್ಲಿ ಟರ್ನರ್ ಆಗಿದ್ದೆ. ಅಲ್ಲಿ ಒಂದು ಚಿಕ್ಕ ಲೇತಿಗೆ ಹೊಸ ಚಕ್ ತರಿಸಿದೆವು. ಕೂರಿಸಿ ನೋಡಿದರೆ 0.12 ಔಟ್. ಅಂಗಡಿಯವರ ಜೊತೆ ಜಗಳ ಮಾಡಿ ಬದಲಾಯಿಸಿಕೊಂಡು ಬಂದೆ. ಎರಡನೆಯದ್ದೂ 0.12. ಅವತ್ತು ಪಕ್ಕದ ಮೆಷಿನಿನ ಹಿರಿಯ ಟರ್ನರ್ ಒಬ್ಬರು ಬಂದು, ಚಕ್ ಕಳಚಿ, ಸ್ಪಿಂಡಲಿನ ಮುಖದ ಮೇಲೆ ಹೆಬ್ಬೆರಳಿನ ಉಗುರು ಮೆಲ್ಲಗೆ ಎಳೆದರು. ಒಂದು ಬೋಲ್ಟ್ ತೂತಿನ ಹತ್ತಿರ ಉಗುರು ಟಕ್ಕಂತ ನಿಂತಿತು. ತೂತಿನ ಅಂಚು ಕೂದಲಿನಷ್ಟು ಮೇಲೆದ್ದಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಸಣ್ಣ ಎಣ್ಣೆಕಲ್ಲು ತಗೊಂಡು ನಾಲ್ಕು ಸಲ ಉಜ್ಜಿದರು, ಬಟ್ಟೆಯಲ್ಲಿ ಒರೆಸಿದರು, ಅದೇ ಚಕ್ ಕೂರಿಸಿದರು. 0.04. ಮೊದಲು ವಾಪಸ್ ಕೊಟ್ಟ ಚಕ್ ಕೂಡ ಚೆನ್ನಾಗಿಯೇ ಇತ್ತು ಅಂತ ನನಗೆ ಅವತ್ತು ಗೊತ್ತಾಯಿತು.

ಲೆಕ್ಕ ಹಾಕಿ ನೋಡಿ. 100 ಮಿ.ಮೀ. ಅಗಲದ ಮುಖದ ಒಂದು ಅಂಚಿನಲ್ಲಿ 0.05 ದಪ್ಪದ ಚೂರು ಸಿಕ್ಕಿಕೊಂಡರೆ, ಚಕ್ ಅಷ್ಟು ವಾಲುತ್ತದೆ. 100 ಮಿ.ಮೀ. ಮುಂದೆ ಶಾಫ್ಟು 0.05 ಸರಿದಿರುತ್ತದೆ. ಡಯಲ್ (ಮೊನೆ ತಾಗಿಸಿ ಸಣ್ಣ ವ್ಯತ್ಯಾಸ ನೋಡುವ ಗಡಿಯಾರದಂಥ ಅಳತೆ ಸಾಧನ) ಎರಡೂ ಕಡೆ ಓದುವುದರಿಂದ ಅಲ್ಲಿ 0.1 ತೋರಿಸುತ್ತದೆ. ಒಂದು ಚೂರಿಗೆ ನಿಮ್ಮ ಔಟಿನ ಮೂರರಲ್ಲಿ ಎರಡು ಪಾಲು ಬಂತು.

ಹಾಗಾಗಿ ಇವತ್ತೇ ಚಕ್ ಕಳಚಿ. ಸ್ಪಿಂಡಲಿನ ಮುಖ, ಚಕ್ ಕೂರುವ ಉಬ್ಬು, ಚಕ್ಕಿನ ಹಿಂಭಾಗದ ಗುಳಿ, ಮೂರನ್ನೂ ಸೀಮೆಎಣ್ಣೆ ಹಾಕಿ ತೊಳೆದು ಒರೆಸಿ. ಉಗುರು ಎಳೆದು ನೋಡಿ. ಆಮೇಲೆ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸುತ್ತಾ ಡಯಲನ್ನು ಮೊದಲು ಉಬ್ಬಿನ ಮೇಲೆ, ಆಮೇಲೆ ಮುಖದ ಮೇಲೆ ಹಚ್ಚಿ. ಎರಡರಲ್ಲೂ 0.01ರ ಆಸುಪಾಸು ಇದ್ದರೆ ಸ್ಪಿಂಡಲ್ ಚೆನ್ನಾಗಿದೆ. 0.03, 0.04 ಅಂತ ಬಂದರೆ ಬೇರಿಂಗ್ ಕಡೆ ನೋಡಿ. ಚಕ್ ಮಾತು ಆಮೇಲೆ.

ಸ್ಪಿಂಡಲ್ ಸರಿ ಇದ್ದರೆ ಚಕ್ ಕೂರಿಸಿ ಪರೀಕ್ಷೆ ಮಾಡಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕೈಗೆ ಸಿಕ್ಕಿದ ಬ್ರೈಟ್ ರಾಡ್ ಹಿಡಿದು ನೋಡುತ್ತಾರೆ. ಆ ರಾಡ್ ನೋಡಲು ಹೊಳೆಯುತ್ತದೆ, ಆದರೆ ಪೂರ್ತಿ ದುಂಡಗೆ ಇರುವುದಿಲ್ಲ, ನೆಟ್ಟಗೂ ಇರುವುದಿಲ್ಲ. ಗ್ರೈಂಡ್ ಮಾಡಿದ ರಾಡ್ ಬೇಕು. ಲೀನಿಯರ್ ಬೇರಿಂಗಿಗೆ ಹಾಕುವ ರಾಡ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಹಳೆ ಕಾರಿನ ಶಾಕ್ ಅಬ್ಸಾರ್ಬರಿನ ಕ್ರೋಮ್ ರಾಡ್, ಬಗ್ಗದೇ ಇರುವಂಥದ್ದು, ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಹಿಡಿದು ಡಯಲ್ ಎರಡು ಕಡೆ ಹಚ್ಚಿ, ಒಮ್ಮೆ ಜಾ ಪಕ್ಕದಲ್ಲೇ, ಇನ್ನೊಮ್ಮೆ 60 ಮಿ.ಮೀ. ಮುಂದೆ. ಎರಡೂ ಕಡೆ ಒಂದೇ ಅಳತೆ ಬಂದರೆ ರಾಡ್ ನೆಟ್ಟಗೆ ಕೂತಿದೆ, ನಡುವಿನಿಂದ ಪಕ್ಕಕ್ಕೆ ಸರಿದಿದೆ ಅಷ್ಟೇ. ಜಾ ಪಕ್ಕದಲ್ಲಿ ಕಡಿಮೆ, ಮುಂದೆ ಹೋದಂತೆ ಜಾಸ್ತಿ ಅಂತಾದರೆ ರಾಡ್ ವಾಲಿದೆ. ಒಂದೋ ಚಕ್ ಹಿಂದೆ ಕಸ ಇದೆ, ಇಲ್ಲ ಜಾ ಬಾಯಿ ಸವೆದು ಅಗಲವಾಗಿದೆ. ಪಕ್ಕಕ್ಕೆ ಸರಿದ ಚಕ್ಕಿನ ಜೊತೆ ಬದುಕಬಹುದು. ಬಾಯಿ ಅಗಲವಾದದ್ದರ ಜೊತೆ ಆಗುವುದಿಲ್ಲ. ಅದು ಶಾಫ್ಟನ್ನು ಹಿಂದಿನ ತುದಿಯಲ್ಲಿ ಮಾತ್ರ ಹಿಡಿಯುತ್ತದೆ, ಟೂಲ್ ಒತ್ತಿದಾಗ ಮುಂದೆ ಅಲ್ಲಾಡುತ್ತದೆ.

ಇನ್ನೊಂದು ಪರೀಕ್ಷೆ. ಚಕ್ ಕೀ ಹಾಕಲು ಮೂರು ತೂತು ಇದೆ. ಒಂದೊಂದರಿಂದಲೂ ಬಿಗಿ ಮಾಡಿ ಮೂರು ಸಲ ನೋಡಿ. ಒಂದು ತೂತಿನಲ್ಲಿ ಔಟ್ ಕಡಿಮೆ ಬರುವುದು ಸಾಮಾನ್ಯ. ಅದಕ್ಕೆ ಪಂಚಿನಲ್ಲಿ ಚುಕ್ಕೆ ಹೊಡೆದು, ಕೊನೆಯ ಬಿಗಿ ಯಾವಾಗಲೂ ಅಲ್ಲಿಂದಲೇ ಮಾಡಿ. ಖರ್ಚಿಲ್ಲದೆ ಡಯಲಿನಲ್ಲಿ ಎರಡು ಮೂರು ಗೀಟು (ಒಂದು ಗೀಟು ಅಂದರೆ 0.01) ಇಳಿಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ದುಬಾರಿ ಟ್ರೂ ಚಕ್ ತಗೊಂಡರೆ ಸರಿಯಾಗುತ್ತಾ ಅಂತ. ನಮ್ಮ ಅಂಗಡಿಗಳಲ್ಲಿ ಟ್ರೂ ಚಕ್ ಅಂದರೆ ಮೂರೂ ಜಾ ಒಟ್ಟಿಗೆ ಸರಿಯುವಂಥದ್ದು, ಡಾಗ್ ಚಕ್ ಅಂದರೆ ನಾಲ್ಕು ಜಾ ಇರುವ, ಒಂದೊಂದನ್ನೂ ಬೇರೆ ಬೇರೆ ಸರಿಸುವಂಥದ್ದು. ಟ್ರೂ ಚಕ್ಕಿನ ಹೊಟ್ಟೆಯೊಳಗೆ ಒಂದು ತಟ್ಟೆ ಇರುತ್ತದೆ, ಅದರ ಮೇಲೆ ಚಕ್ಕುಲಿ ಸುತ್ತಿನ ಹಾಗೆ ಒಂದು ಹಲ್ಲು ನಡುವಿನಿಂದ ಅಂಚಿನ ತನಕ ಸುತ್ತಿಕೊಂಡು ಹೋಗಿರುತ್ತದೆ. ಸ್ಕ್ರೋಲ್ ಅಂದರೆ ಅದೇ. ನೀವು ಕೀ ತಿರುಗಿಸಿದಾಗ ಸ್ಕ್ರೋಲ್ ತಿರುಗಿ ಮೂರೂ ಜಾ ಒಳಗೆ ಬರುತ್ತವೆ. ಆ ಸುತ್ತಿನಲ್ಲಿ ಒಂದು ಕಡೆ 0.03 ಹೆಚ್ಚುಕಮ್ಮಿ ಇದ್ದರೆ, ಆ ಅಳತೆಯ ಶಾಫ್ಟ್ ಹಿಡಿದಾಗ ಅಷ್ಟು ಸರಿಯುತ್ತದೆ, ಬೇರೆ ಅಳತೆ ಹಿಡಿದಾಗ ಬೇರೆ ಕಡೆಗೆ ಸರಿಯುತ್ತದೆ. ಹಾಗಾಗಿ ಡಬ್ಬದ ಮೇಲೆ ಬರೆದ ಸಂಖ್ಯೆ ಒಂದೆರಡು ಅಳತೆಯಲ್ಲಿ ನೋಡಿದ್ದು. 12 ಮಿ.ಮೀ.ಗೆ 0.03 ಕೊಟ್ಟ ಚಕ್ 25ಕ್ಕೆ 0.07 ಕೊಟ್ಟರೆ ಅದು ಮೋಸ ಅಲ್ಲ, ಸ್ಕ್ರೋಲಿನ ಸ್ವಭಾವ. ಹೊಸ ಚಕ್ಕಿನಲ್ಲಿ 0.05ರಿಂದ 0.08 ಬಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇದನ್ನು ಒಪ್ಪಿಕೊಂಡರೆ ಕೆಲಸದ ಕ್ರಮವೇ ಬದಲಾಗುತ್ತದೆ. ಒಂದೇ ಹಿಡಿತದಲ್ಲಿ ಟರ್ನ್ ಮಾಡಿದ ಎಲ್ಲ ಅಳತೆಯೂ ಒಂದಕ್ಕೊಂದು ಸರಿಯಾಗಿಯೇ ಇರುತ್ತದೆ, ಚಕ್ ಎಷ್ಟೇ ಔಟ್ ಇರಲಿ. ಔಟ್ ಹೊರಗೆ ಬೀಳುವುದು ನೀವು ಜಾಬನ್ನು ಬಿಚ್ಚಿ ಮಗುಚಿ ಹಿಡಿದಾಗ. ಪಂಪ್ ಶಾಫ್ಟಿನಲ್ಲಿ ಸೀಲ್ ಕೂರುವ ಜಾಗ ಮತ್ತು ಬೇರಿಂಗ್ ಕೂರುವ ಜಾಗ ಒಂದಕ್ಕೊಂದು ಸರಿ ಇರಬೇಕು. ಹಾಗಿದ್ದರೆ ಆ ಎರಡನ್ನೂ ಒಂದೇ ಹಿಡಿತದಲ್ಲಿ ಮುಗಿಸಿ. ಆಗದಿದ್ದರೆ ಎರಡೂ ತುದಿಗೆ ಸೆಂಟರ್ ಡ್ರಿಲ್ ಹೊಡೆದು, ಎರಡು ಸೆಂಟರ್‌ಗಳ ನಡುವೆ ಹಿಡಿದು ಟರ್ನ್ ಮಾಡಿ. ಆಗ ಹತ್ತು ಸಲ ಮಗುಚಿದರೂ ಶಾಫ್ಟು ಅದೇ ಎರಡು ತೂತಿನ ಮೇಲೆಯೇ ತಿರುಗುತ್ತದೆ. ನಿಮ್ಮ ಸೀಲ್ ಸೋರುವುದಕ್ಕೆ ಮದ್ದು ಮೊದಲು ಇಲ್ಲಿದೆ.

ಹಳೆ ಶಾಫ್ಟನ್ನು ಮಗುಚಿ ಹಿಡಿಯಲೇಬೇಕು, ಸೆಂಟರ್ ತೂತು ಹಾಳಾಗಿದೆ ಅಂದರೆ? ಅದಕ್ಕೇ ಡಾಗ್ ಚಕ್. ನನ್ನ ಖಚಿತ ಸಲಹೆ ಇದು: ಈಗಿರುವ ಟ್ರೂ ಚಕ್ಕಿನ ಜಾ ಬಾಯಿ ನೆಟ್ಟಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ದುಡ್ಡನ್ನು ಒಂದು ಒಳ್ಳೆ ಡಾಗ್ ಚಕ್ಕಿಗೆ ಮತ್ತು ಒಂದು ಒಳ್ಳೆ ಡಯಲಿಗೆ ಹಾಕಿ. ಎಷ್ಟು ದುಬಾರಿ ಟ್ರೂ ಚಕ್ ಆದರೂ 0.01ಕ್ಕೆ ತರುವುದು ಕಷ್ಟ. ಸಾಧಾರಣ ಡಾಗ್ ಚಕ್ಕಿನಲ್ಲಿ ನೀವೇ ತರಬಹುದು.

ಅದು ಕಷ್ಟ, ಸಮಯ ಹೋಗುತ್ತದೆ ಅಂತ ಹೆದರುತ್ತಾರೆ. ಕ್ರಮ ಗೊತ್ತಿದ್ದರೆ ಏನೂ ಇಲ್ಲ. ಚಕ್ಕಿನ ಮುಖದ ಮೇಲೆ ಇರುವ ಉಂಗುರದ ಗೀಟು ನೋಡಿ ನಾಲ್ಕೂ ಜಾ ಸುಮಾರಿಗೆ ಸಮ ಮಾಡಿ ಶಾಫ್ಟ್ ಹಿಡಿಯಿರಿ. 1ನೇ ಜಾ ಎದುರು ಡಯಲ್ 20 ತೋರಿಸಿತು, ಅರ್ಧ ಸುತ್ತು ತಿರುಗಿಸಿದಾಗ 3ನೇ ಜಾ ಎದುರು 80 ತೋರಿಸಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 60, ಸರಿಸಬೇಕಾದದ್ದು ಅದರ ಅರ್ಧ. 1ನೇ ಜಾ ಸ್ವಲ್ಪ ಸಡಿಲ ಮಾಡಿ, 3ನೇದನ್ನು ಬಿಗಿ ಮಾಡಿ, ಡಯಲ್ 50ಕ್ಕೆ ಬರುವ ತನಕ. ಆಮೇಲೆ 2 ಮತ್ತು 4. ಯಾವಾಗಲೂ ಎದುರುಬದುರು ಜೋಡಿಯಲ್ಲೇ ಕೆಲಸ ಮಾಡಿ, ಪಕ್ಕದ್ದನ್ನು ಮುಟ್ಟಬೇಡಿ. ಕೊನೆಯ ಎರಡು ಮೂರು ಗೀಟಿಗೆ ಸಡಿಲ ಮಾಡುವುದೇ ಬೇಡ, ಜಾಸ್ತಿ ಓದುವ ಕಡೆಯದ್ದನ್ನು ಸುಮ್ನೆ ಇನ್ನೊಂಚೂರು ಬಿಗಿ ಮಾಡಿದರೆ ಸಾಕು. ಎರಡು ಚಕ್ ಕೀ ಇಟ್ಟುಕೊಂಡರೆ ಒಂದು ಕೈಯಲ್ಲಿ ಬಿಡುತ್ತಾ ಇನ್ನೊಂದರಲ್ಲಿ ಬಿಗಿ ಮಾಡಬಹುದು. ಮೊದಲ ದಿನ 15 ನಿಮಿಷ ಬೇಕಾಗುತ್ತದೆ. ಒಂದು ತಿಂಗಳು ದಿನಾ ಮಾಡಿದರೆ ಎರಡು ಮೂರು ನಿಮಿಷಕ್ಕೆ ಬರುತ್ತದೆ. ಪಂಪಿನ ಬಾಡಿ, ಚೌಕದ ತುಂಡು, ಓರೆಕೋರೆ ಎರಕದ ಸಾಮಾನು, ಇದೆಲ್ಲ ಮೂರು ಜಾದಲ್ಲಿ ನಿಲ್ಲುವುದೂ ಇಲ್ಲ. ನಿಮ್ಮ ರಿಪೇರಿ ಕೆಲಸಕ್ಕೆ ಹೇಳಿ ಮಾಡಿಸಿದ್ದು ಇದು.

ಅಳತೆ ವಿಷಯ. ನಿಮ್ಮಂಥ ಲೇತಿನಲ್ಲಿ ಸ್ಪಿಂಡಲಿನ ತೂತು ಸಾಮಾನ್ಯವಾಗಿ 20 ಮಿ.ಮೀ. ಇರುತ್ತದೆ, ಆದರೆ 80ರ ಚಕ್ಕಿನ ತೂತು 16 ಮಾತ್ರ. ಅಂದರೆ 18ರ ಉದ್ದ ಶಾಫ್ಟ್ ಸ್ಪಿಂಡಲಿನಲ್ಲಿ ಹೋಗುತ್ತದೆ, ಚಕ್ಕಿನಲ್ಲಿ ಹೋಗುವುದಿಲ್ಲ. 100ರ ಚಕ್ಕಿನ ತೂತು 22. ಹೊಸದಾಗಿ ತಗೊಳ್ಳುವ ಚಕ್ 100ರದ್ದೇ ಆಗಲಿ ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದೇ. 125 ಬೇಡ. ಅದರ ತೂಕವೇ ಸುಮಾರು 5 ಕೆ.ಜಿ., ನಿಮ್ಮ 80ರದ್ದು 2 ಕೆ.ಜಿ. ಹತ್ತಿರ. ಆ ಚಿಕ್ಕ ಬೇರಿಂಗಿಗೂ ಮೋಟಾರಿಗೂ ಅದು ಭಾರ. ಜೊತೆಗೆ 180 ಸ್ವಿಂಗ್ ಅಂದರೆ ನಡುವಿನಿಂದ ಬೆಡ್ಡಿಗೆ 90 ಮಾತ್ರ. 125ರ ಚಕ್ಕಿನ ಅರ್ಧ 62.5. ದೊಡ್ಡ ಜಾಬ್ ಹಿಡಿಯಲು ಜಾ ಹೊರಗೆ ಬಂದರೆ 27 ಮಿ.ಮೀ. ಒಳಗೆ ಬೆಡ್ಡಿಗೆ ಬಡಿಯುತ್ತದೆ.

80ರಿಂದ 100ಕ್ಕೆ ಹೋಗಲು ಸ್ಪಿಂಡಲಿಗೂ ಚಕ್ಕಿಗೂ ನಡುವೆ ಜೋಡಿಸುವ ತಟ್ಟೆ, ಬ್ಯಾಕ್ ಪ್ಲೇಟ್, ಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಚಕ್ಕಿನ ಹಿಂದೆ ಇರುವ ಗುಳಿಯ ಅಳತೆ ಎಲ್ಲ ಕಡೆಯದ್ದೂ ಒಂದೇ ಅಲ್ಲ. ಚೀನಾದ ಕೆ11 ಮಾದರಿಯಲ್ಲಿ 80ಕ್ಕೆ ಗುಳಿ 55, ಬೋಲ್ಟ್ ಸುತ್ತು (ಬೋಲ್ಟ್ ತೂತುಗಳು ಕೂತಿರುವ ವೃತ್ತದ ಅಗಲ) 66. 100ಕ್ಕೆ ಗುಳಿ 72, ಬೋಲ್ಟ್ ಸುತ್ತು 84. ಜರ್ಮನಿಯ ಡಿನ್ 6350 ಅಳತೆಯಲ್ಲಿ 80ಕ್ಕೆ 56 ಮತ್ತು 67, 100ಕ್ಕೆ 70 ಮತ್ತು 83. ಒಂದೆರಡು ಮಿಲಿಮೀಟರಿನ ವ್ಯತ್ಯಾಸ, ಆದರೆ ಯುರೋಪಿನ ದುಬಾರಿ ಚಕ್ ತರಿಸಿಕೊಂಡು ನಿಮ್ಮ ಸ್ಪಿಂಡಲಿಗೆ ಕೂರಿಸಲು ಹೋದರೆ ಕೂರುವುದೇ ಇಲ್ಲ. ಆರ್ಡರ್ ಕೊಡುವ ಮುಂಚೆ ಗುಳಿ, ಬೋಲ್ಟ್ ಸುತ್ತು, ಬೋಲ್ಟಿನ ಅಳತೆ, ಚಕ್ಕಿನ ತೂತು, ಈ ನಾಲ್ಕನ್ನೂ ಬರೆದು ಕೇಳಿ. ಉತ್ತರ ಕೊಡದ ಅಂಗಡಿಯಲ್ಲಿ ತಗೊಳ್ಳಬೇಡಿ.

ಬ್ಯಾಕ್ ಪ್ಲೇಟನ್ನು ಪೂರ್ತಿ ತಯಾರಾಗಿ ಬಂದದ್ದು ತಗೊಳ್ಳುವುದಕ್ಕಿಂತ ಅರೆಬರೆ ಮಾಡಿದ ಬೀಡುಕಬ್ಬಿಣದ ಪ್ಲೇಟ್ ತಗೊಂಡು, ನಿಮ್ಮ ಸ್ಪಿಂಡಲಿಗೆ ಬಿಗಿದು, ಅಲ್ಲೇ ಮುಖ ಮತ್ತು ಉಬ್ಬನ್ನು ಟರ್ನ್ ಮಾಡಿ. ಆಗ ಅದು ನಿಮ್ಮ ಸ್ಪಿಂಡಲಿನ ಜೊತೆ ಹುಟ್ಟಿದ ಹಾಗೆ ಆಗುತ್ತದೆ. ನಾನು ಟ್ರೂ ಚಕ್ಕಿಗೆ ಉಬ್ಬನ್ನು ಬೇಕೆಂದೇ 0.2 ಚಿಕ್ಕದು ಮಾಡುತ್ತೇನೆ. ಬೋಲ್ಟ್ ಅರ್ಧ ಬಿಗಿ ಮಾಡಿ, ಗ್ರೈಂಡ್ ರಾಡ್ ಹಿಡಿದು, ಡಯಲ್ ನೋಡುತ್ತಾ ಚಕ್ಕನ್ನು ಮೆತ್ತನೆ ಸುತ್ತಿಗೆಯಲ್ಲಿ ತಟ್ಟಿ ನಡುವಿಗೆ ತಂದು, ಆಮೇಲೆ ಪೂರ್ತಿ ಬಿಗಿ ಮಾಡುತ್ತೇನೆ. ನೀವು ಜಾಸ್ತಿ ಹಿಡಿಯುವ ಅಳತೆಗೆ ಹೀಗೆ ಒಮ್ಮೆ ಕೂರಿಸಿದರೆ ಆ ಅಳತೆಯಲ್ಲಿ 0.02 ಸಿಗುತ್ತದೆ. ಹಗುರ ಕೆಲಸದಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಟೂಲ್ ಸಿಕ್ಕಿಕೊಂಡು ಜೋರಾಗಿ ಹೊಡೆದರೆ ಮತ್ತೆ ನೋಡಿಕೊಳ್ಳಬೇಕು.

ಕಂಪನಿ ಕೇಳಿದ್ದೀರಿ. ಪೋಲೆಂಡಿನ ಬೈಸನ್, ಜರ್ಮನಿಯ ರೋಮ್ ಒಳ್ಳೆಯವು, ಎರಡು ಮಾತಿಲ್ಲ. ಆದರೆ ಬೆಂಚ್ ಲೇತಿನ ಬೆಲೆಗೆ ಅವು ಜಾಸ್ತಿಯಾಯಿತು. ಚೀನಾದ ಸ್ಯಾನೌ 80ರದ್ದಾದರೆ ನಿಮ್ಮ ಲೇತಿಗೆ ನೇರ ಕೂರುತ್ತದೆ, 100ರದ್ದಾದರೆ ಬ್ಯಾಕ್ ಪ್ಲೇಟ್ ಬೇಕು; ಬೆಲೆಗೆ ತಕ್ಕ ಮಾಲು. ನಮ್ಮ ದೇಶದಲ್ಲಿ ಚೆನ್ನೈ ಕಡೆಯ ಗಿಂಡಿ ಮೆಷಿನ್ ಟೂಲ್ಸ್, ಜಲಂಧರದ ಶಾರ್ಪ್ ಚಕ್ ಮಾಡುತ್ತಾರೆ, 125ರಿಂದ ಮೇಲಿನ ಚಕ್ ಕೂರುವ ಲೇತಿದ್ದರೆ ನಾನು ಮೊದಲು ಅವುಗಳನ್ನೇ ಕೇಳುತ್ತಿದ್ದೆ. ಯಾವ ಹೆಸರಾದರೂ ಸರಿ, ಸಾಧ್ಯವಾದರೆ ಮಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ಕೈಯಲ್ಲಿ ಏನು ನೋಡಬೇಕು ಅಂದರೆ, ಕೀ ಹಾಕಿ ಜಾ ಪೂರ್ತಿ ಹೊರಗಿನಿಂದ ಪೂರ್ತಿ ಒಳಗೆ ತನ್ನಿ. ದಾರಿಯುದ್ದಕ್ಕೂ ಒಂದೇ ಹದ ಇರಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರಬಾರದು. ಹಳೆ ಚಕ್ಕಿನಲ್ಲಿ ನಡುವೆ ಮಾತ್ರ ಸಡಿಲ ಇದ್ದರೆ ಹಿಂದಿನವರು ಒಂದೇ ಅಳತೆ ಹಿಡಿದು ಸ್ಕ್ರೋಲ್ ಸವೆಸಿದ್ದಾರೆ. ಜಾ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ, ಟಕಟಕ ಅಂದರೆ ಬೇಡ. ಮೂರೂ ಜಾ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಬಾಯಿ ಕಡೆ ಬೆಳಕು ಕಂಡರೆ ಬಾಯಿ ಅಗಲವಾಗಿದೆ. ಜಾ ಮೇಲೆ 1, 2, 3 ನಂಬರ್ ಇರುತ್ತದೆ, ಅದೇ ಕ್ರಮದಲ್ಲಿ ಅದೇ ನಂಬರಿನ ಸಂದಿಗೆ ಹಾಕಬೇಕು, ಯಾಕೆಂದರೆ ಒಂದೊಂದರ ಹಲ್ಲು ಬೇರೆ ಜಾಗದಿಂದ ಶುರುವಾಗುತ್ತದೆ. ಸೆಕೆಂಡ್ ಹ್ಯಾಂಡ್ ಚಕ್ಕಿನಲ್ಲಿ ಜಾ ಮೇಲಿನ ಸೀರಿಯಲ್ ನಂಬರೂ ಬಾಡಿಯ ನಂಬರೂ ಬೇರೆ ಇದ್ದರೆ ಅದು ಬೇರೆ ಚಕ್ಕಿನ ಜಾ, ಅಗ್ಗಕ್ಕೆ ಕೊಟ್ಟರೂ ಬಿಡಿ. ಎರಡು ತುಂಡಿನ ಜಾ ಇರುವ ಚಕ್ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟರೂ ತಗೊಳ್ಳಿ. ಅದರ ಮೇಲಿನ ತುಂಡು ಕಳಚಿ ಮೆತ್ತನೆ ಉಕ್ಕಿನ ತುಂಡು ಬಿಗಿದು ನಿಮಗೆ ಬೇಕಾದ ಅಳತೆಗೆ ಅಲ್ಲೇ ಬೋರ್ ಮಾಡಿಕೊಳ್ಳಬಹುದು. ಒಂದೇ ಥರದ 20 ಬುಶ್ ಮಾಡುವಾಗ ಅದರಷ್ಟು ಸುಖ ಬೇರೆ ಇಲ್ಲ.

ಕಾಲೆಟ್, ಅಂದರೆ ರಾಡನ್ನು ಸುತ್ತಲೂ ಅಪ್ಪಿ ಹಿಡಿಯುವ ಸೀಳಿದ ಕೊಳವೆಯಂಥದ್ದು, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಆರ್32 ಕಾಲೆಟ್ 20 ಮಿ.ಮೀ. ತನಕ ಹಿಡಿಯುತ್ತದೆ, ಹೊಸ ರಾಡಿಗೆ ತುಂಬಾ ಚೆಂದ. ಸವೆದ, ಗೀರು ಬಿದ್ದ ಹಳೆ ಶಾಫ್ಟಿಗೆ ಅಲ್ಲ. ನಿಮಗೆ ಮೂರನೆಯ ಖರೀದಿ ಅದು.

ಸ್ಪೀಡಿನ ಬಗ್ಗೆ ಹುಷಾರು. ಅಗ್ಗದ ಚಕ್ಕಿನ ಬಾಡಿ ಬೀಡಿನದ್ದು. ನಿಮ್ಮ ಲೇತಿನ ಸ್ಪೀಡ್ ಗುಂಡಿ ನಿಮಿಷಕ್ಕೆ 2500 ಸುತ್ತಿನ ತನಕ ಹೋಗಬಹುದು, ಚಕ್ ಅಷ್ಟಕ್ಕೆ ಮಾಡಿದ್ದಾ ಅಂತ ಅದರ ಮೇಲೆ ಅಥವಾ ಅದರ ಕಾಗದದಲ್ಲಿ ನೋಡಿ. ಸ್ಪೀಡ್ ಎರಡು ಪಟ್ಟು ಆದರೆ ಜಾವನ್ನು ಹೊರಗೆ ಎಳೆಯುವ ಬಲ ನಾಲ್ಕು ಪಟ್ಟು ಆಗುತ್ತದೆ, ಹಿಡಿತ ಅಷ್ಟು ಕಡಿಮೆಯಾಗುತ್ತದೆ. ಬೋಲ್ಟಿನ ಚಕ್ ಆದ್ದರಿಂದ ಉಲ್ಟಾ ತಿರುಗಿಸಿದರೂ ಬಿಚ್ಚಿಕೊಳ್ಳುವುದಿಲ್ಲ, ಅದು ಒಳ್ಳೆಯದು. ಆದರೆ ಜಾ ಬಾಡಿಯಿಂದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೊರಗೆ ಬಂದಿರುವಾಗ ಮೋಟಾರ್ ಹಾಕಬೇಡಿ. ಹಾಕುವ ಮುಂಚೆ ಒಂದು ಸುತ್ತು ಕೈಯಲ್ಲಿ ತಿರುಗಿಸಿ. ಚಕ್ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಿದ್ದರಿಂದ ಹಲ್ಲು ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೀ ಕೈಯಿಂದ ಬಿಡುವುದಾದರೆ ಅದು ಬೆಂಚಿನ ಮೇಲೆ ಇರಬೇಕು, ಚಕ್ಕಿನಲ್ಲಿ ಅಲ್ಲ. ಸ್ಪ್ರಿಂಗ್ ಇರುವ, ಬಿಟ್ಟ ಕೂಡಲೇ ತಾನೇ ಹೊರಗೆ ಬರುವ ಕೀ ಸಿಗುತ್ತದೆ, ಅದನ್ನೇ ತಗೊಳ್ಳಿ.

ಕೊನೆಯದಾಗಿ ನಮ್ಮ ಊರಿನ ಮಳೆ. ಜೂನ್ ಬಂತೆಂದರೆ ಕಾಸರಗೋಡಿನ ಕಡೆ ಒರೆಸಿಟ್ಟ ಕಬ್ಬಿಣವೂ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಚಕ್ ಪೂರ್ತಿ ಬಿಚ್ಚಿ, ತೊಳೆದು, ಸ್ಕ್ರೋಲಿಗೆ ತೆಳ್ಳಗೆ ಗ್ರೀಸ್ ಸವರಿ ಜೋಡಿಸಿ. ಗ್ರೀಸ್ ತುಂಬಬೇಡಿ, ಬೀಡಿನ ಪುಡಿ ಅದರಲ್ಲಿ ಅಂಟಿ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಮನೆಯಲ್ಲಿ ಇದೆ ಅಂತ ತೆಂಗಿನ ಎಣ್ಣೆ ಹಾಕಬೇಡಿ, ದಿನ ಕಳೆದಂತೆ ಕೆಡುತ್ತದೆ, ಮೆಷಿನ್ ಎಣ್ಣೆಯೇ ಬೇಕು. ರಾತ್ರಿ ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಬೆವರುತ್ತದೆ. ಎಣ್ಣೆಯಲ್ಲಿ ಅದ್ದಿದ ಹಳೆ ಹತ್ತಿ ಬಟ್ಟೆ ಸಾಕು.

ಮತ್ತೆ ನಿಮ್ಮ ಕೆಲಸಕ್ಕೇ ಸೇರಿದ ಒಂದು ವಿಷಯ. ಮದ್ದಿನ ಪಂಪಿನ ಸಾಮಾನಿನಲ್ಲಿ ಬೋರ್ಡೋ ದ್ರಾವಣದ ನೀಲಿ ಕಲೆ ಒಣಗಿ ಕೂತಿರುತ್ತದೆ. ಅದರಲ್ಲಿ ಮೈಲುತುತ್ತದ ಅಂಶ ಉಳಿದಿದ್ದರೆ ನೀರು ತಾಗಿದ ಕೂಡಲೇ ಉಕ್ಕನ್ನು ತಿನ್ನುತ್ತದೆ. ಜಾ ಬಾಯಲ್ಲಿ ತಾಮ್ರದ ಬಣ್ಣದ ತೆಳು ಪದರ ಕಂಡರೆ ಅದು ಇದೇ. ಹಾಗಾಗಿ ಶಾಫ್ಟು, ಪಂಪಿನ ಬಾಡಿ ಯಾವುದೇ ಇರಲಿ, ಮೊದಲು ಹೊರಗೆ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಆಮೇಲೆ ಚಕ್ಕಿಗೆ ಹಿಡಿಯಿರಿ. ಸ್ಪಿಂಡಲಿನ ಉಬ್ಬು ಮತ್ತು ಮುಖದ ಮೇಲೆ ಡಯಲ್ ಎಷ್ಟು ತೋರಿಸಿತು ಅಂತ ಬರೆದು ಕಳಿಸಿ, ಬ್ಯಾಕ್ ಪ್ಲೇಟ್ ಎಷ್ಟು ದಪ್ಪ ಇರಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.